ಕಾಲೇಜಿಗೆ ನಮ್ಮವರು, ಕೆಲಸಕ್ಕೆ ಪರಕೀಯರು

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕುಣಿಕೋಣೂರಿನಲ್ಲಿ ಕುಳಿತು ಕಾಸರಗೋಡಿನ ಪತ್ರಿಕೆಗೆ ಬರೆಯುವಂಥದ್ದೇನಿದೆ ಎಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ನಿಮ್ಮೂರಿಗೂ ನಮ್ಮೂರಿಗೂ ನಡುವೆ ಕರ್ನಾಟಕವೇ ಅಡ್ಡ ಇದೆ. ನಿಮ್ಮಲ್ಲಿ ಅಂಗಳದ ತುಂಬ ಮಳೆನೀರು ಹರಿಯುವಾಗ ನಾವು ಟ್ಯಾಂಕರಿನ ದಾರಿ ಕಾಯುತ್ತಿರುತ್ತೇವೆ. ನಿಮ್ಮದು ಅಡಕೆ, ತೆಂಗು. ನಮ್ಮದು ಜೋಳ, ಸಜ್ಜೆ, ಕುರಿ. ಆದರೂ 1967ರಲ್ಲಿ ಮಹಾಜನ ಆಯೋಗ ವರದಿ ಒಪ್ಪಿಸಿದಾಗ, ಚಂದ್ರಗಿರಿ ಹೊಳೆಯ ಉತ್ತರದ ನಿಮ್ಮ ಊರುಗಳೂ ಜತ್ತ ತಾಲೂಕಿನ ಹಲವು ಹಳ್ಳಿಗಳೂ ಅಂದಿನ ಮೈಸೂರು ರಾಜ್ಯಕ್ಕೆ ಸೇರತಕ್ಕವೆಂದು ಒಂದೇ ವರದಿಯಲ್ಲಿ ಹೇಳಿತು. ವರದಿ ಕಪಾಟು ಸೇರಿತು. ನೀವು ಕೇರಳದಲ್ಲಿ ಉಳಿದಿರಿ, ನಾವು ಮಹಾರಾಷ್ಟ್ರದಲ್ಲಿ ಉಳಿದೆವು. ಆ ಹಳೆಯ ಗಡಿ ತಂಟೆಯನ್ನು ಮತ್ತೆ ಕೆದಕುವುದು ನಮ್ಮ ಉದ್ದೇಶವಲ್ಲ. ಐ.ಟಿ.ಐ., ಡಿಪ್ಲೊಮಾ, ಶಿಕ್ಷಕ ತರಬೇತಿ ಎಂದು ಏನಾದರೊಂದು ಕಸುಬು ಕಲಿತು ಬಂದ ನಮ್ಮ ಮಕ್ಕಳಿಗೆ ಕೆಲಸದ ಬಾಗಿಲಲ್ಲಿ ಏನಾಗುತ್ತಿದೆ ಎಂಬುದನ್ನಷ್ಟೇ ಹೇಳಬೇಕಾಗಿದೆ. ಅದು ನಿಮ್ಮ ಮಕ್ಕಳ ಕತೆಯೂ ಹೌದೆಂದು ನಮ್ಮ ನಂಬಿಕೆ.

ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗನೊಬ್ಬ ವಿಜಯಪುರದ ಕಡೆಗೆ ಹೋಗಿ ಐ.ಟಿ.ಐ.ಯಲ್ಲಿ ಎರಡು ವರ್ಷದ ಫಿಟ್ಟರ್ ತರಬೇತಿ ಪಡೆದ. ತಂದೆ ಕುರಿ ಮಾರಿ ಹಾಸ್ಟೆಲಿನ ಹಣ ಕಟ್ಟಿದ. ಫಿಟ್ಟರ್ ವಿದ್ಯೆ ಎಂದರೆ ಹಗುರ ಮಾತಲ್ಲ. ಕಬ್ಬಿಣದ ತುಂಡನ್ನು ವೈಸಿಗೆ ಬಿಗಿದು ದಿನಗಟ್ಟಲೆ ಅರದಿಂದ ಉಜ್ಜುವುದೇ ಅದರ ಮೊದಲ ಪಾಠ. ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಎಲ್ಲಿಯೂ ಬೆಳಕು ನುಸುಳಬಾರದು. ಬೊಬ್ಬೆ ಎದ್ದ ಅಂಗೈಯನ್ನು ರಜೆಗೆ ಬಂದಾಗ ಆ ಹುಡುಗ ನಮಗೆ ತೋರಿಸಿದ್ದುಂಟು. ವರ್ನಿಯರ್ ಕ್ಯಾಲಿಪರಿನಲ್ಲಿ ಮಿಲಿಮೀಟರಿನ ಐವತ್ತನೆಯ ಒಂದು ಪಾಲನ್ನು ಓದಲು ಕಲಿತ ಮೇಲೆ ಅವನ ನಡಿಗೆಯೇ ಬದಲಾಗಿತ್ತು.

ಸರ್ಟಿಫಿಕೇಟು ಹಿಡಿದು ಮೊದಲು ಪುಣೆಯ ಕಡೆಯ ಒಂದು ಕಾರಖಾನೆಗೆ ಹೋದ. ಕಾಗದ ತಿರುವಿ ಹಾಕಿದ ಗುಮಾಸ್ತರು, ಇದು ಕರ್ನಾಟಕದ್ದು, ನಿಮ್ಮ ಕಡೆಯೇ ನೋಡಿಕೊಳ್ಳಿ ಎಂದರು. ನಮ್ಮ ಕಡೆ ಎಂದರೆ ಕರ್ನಾಟಕವೇ ಇರಬೇಕೆಂದುಕೊಂಡು ಅಲ್ಲಿಯ ಒಂದು ಕೈಗಾರಿಕಾ ವಸಾಹತಿಗೆ ಹೋದ. ಅಲ್ಲಿ ಆಧಾರ್ ಕಾರ್ಡು ನೋಡಿ, ನೀನು ಮಹಾರಾಷ್ಟ್ರದವನು, ಇಲ್ಲಿ ಸ್ಥಳೀಯರಿಗೆ ಆದ್ಯತೆ ಎಂದರು. ಹೀಗೆ ಹೇಳಿದವನೂ ಕನ್ನಡದಲ್ಲಿಯೇ ಹೇಳಿದ, ಕೇಳಿಸಿಕೊಂಡವನೂ ಕನ್ನಡದವನೇ. ಎರಡೂ ಕಡೆ ಅವನ ಕೈಗೆ ಒಂದು ಅರ ಕೊಟ್ಟು ನೋಡಿದವರಿಲ್ಲ. ಈಗ ಅವನು ಊರಲ್ಲಿ ಬೋರ್‌ವೆಲ್ ಪಂಪು ರಿಪೇರಿ ಮಾಡುತ್ತಾನೆ, ಅದೂ ಕೆಲಸ ಬಂದ ದಿನ. ಈಚೆಗೆ ಇನ್ನೊಂದು ಅರ್ಜಿ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದ. “ಸರ್, ಇದರೊಳಗ ನಾ ಎಲ್ಲಿಯಾಂವ ಅಂತ ಬರೀಲ್ರಿ?” ಎಂದು ಕೇಳಿದ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳುತ್ತ ಬಂದವರು ನಾವು. ಅಂದು ಚಹ ತರಲು ಒಳಗೆ ಹೋದೆವು.

ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇದೆ. ಕುಶಲಕರ್ಮಿ ತರಬೇತಿ ಯೋಜನೆಯನ್ನು ಭಾರತ ಸರಕಾರ 1950ರಲ್ಲಿಯೇ ಆರಂಭಿಸಿತು. ಅದರಡಿಯಲ್ಲಿ ಪಾಸಾದವರಿಗೆ ಕೊಡುವ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಇಡೀ ದೇಶಕ್ಕೆ ಒಂದೇ. ವಿಜಯಪುರದ ಪ್ರಮಾಣಪತ್ರಕ್ಕೆ ಪುಣೆಯಲ್ಲಿ ಬೆಲೆ ಕಡಿಮೆ ಎಂದು ಯಾವ ಕಾಯಿದೆಯೂ ಹೇಳುವುದಿಲ್ಲ. ಸಂವಿಧಾನದ 16ನೆಯ ವಿಧಿಯಂತೆ ಸರಕಾರಿ ಉದ್ಯೋಗದಲ್ಲಿ ಜನ್ಮಸ್ಥಳ, ನಿವಾಸಗಳ ಕಾರಣಕ್ಕೆ ಯಾರನ್ನೂ ತಿರಸ್ಕರಿಸುವಂತಿಲ್ಲ; ನಿವಾಸದ ಶರತ್ತು ಹಾಕುವ ಅಧಿಕಾರ ಸಂಸತ್ತಿಗೆ ಮಾತ್ರ. ಸಂಸತ್ತು 1957ರಲ್ಲಿ ಕಾಯಿದೆ ಮಾಡಿ, ಅಂದಿನ ತೆಲಂಗಾಣದಂಥ ಕೆಲವೇ ಪ್ರದೇಶಗಳನ್ನು ಬಿಟ್ಟು ಬೇರೆಲ್ಲ ಕಡೆ ಅಂಥ ಶರತ್ತನ್ನು ತೆಗೆದುಹಾಕಿತು. ಆದರೆ ವಿಧಿಯ ಆ ಪಟ್ಟಿಯಲ್ಲಿ ಧರ್ಮವಿದೆ, ಜಾತಿಯಿದೆ, ಲಿಂಗವಿದೆ, ಭಾಷೆ ಇಲ್ಲ. ಖಾಸಗಿ ಕಾರಖಾನೆಯ ಗೇಟಿಗಂತೂ ಆ ವಿಧಿ ತಾಗುವುದೇ ಇಲ್ಲ. ಐ.ಟಿ.ಐ. ಮಾಡಿದವರು, ಡಿಪ್ಲೊಮಾ ಮಾಡಿದವರು ಹೆಚ್ಚಾಗಿ ಹೋಗಿ ನಿಲ್ಲುವುದು ಆ ಗೇಟಿನ ಮುಂದೆಯೇ.

ನಾವೂ ಇದೇ ದಾರಿ ತುಳಿದವರು. ಪಿ.ಯು.ಸಿ. ಆದ ಮೇಲೆ ಗಡಿ ದಾಟಿ ಎರಡು ವರ್ಷ ಟಿ.ಸಿ.ಎಚ್. ಮಾಡಿದೆವು. ಈಗ ಅದಕ್ಕೆ ಡಿ.ಎಲ್.ಎಡ್. ಎನ್ನುತ್ತಾರೆ. ಮಣ್ಣಿನ ಗೋಲಿ ಎಣಿಸಿ ಕೂಡಿಸುವುದು, ಮಿಂಚುಪಟ್ಟಿಯಿಂದ ಅಕ್ಷರ ಕಲಿಸುವುದು, ಅಭ್ಯಾಸ ಪಾಠದಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತ ಮೇಷ್ಟ್ರು ಕೆಂಪು ಶಾಯಿಯಲ್ಲಿ ತಪ್ಪು ಗುರುತಿಸುವುದು, ಇವೆಲ್ಲ ಆದ ಮೇಲೆ ಶಿಕ್ಷಕರಾದೆವೆಂಬ ಹೆಮ್ಮೆಯಿಂದ ಊರಿಗೆ ಬಂದೆವು. ನಮ್ಮ ಕಡೆಯ ಒಂದು ಕಚೇರಿಯಲ್ಲಿ, ಪರರಾಜ್ಯದ ಸರ್ಟಿಫಿಕೇಟು, ತತ್ಸಮಾನವೆಂದು ಪತ್ರ ತನ್ನಿ ಎಂದರು. ಆ ಪತ್ರದ ಬೆನ್ನು ಹತ್ತಿ ಎರಡು ವರ್ಷ ಅಲೆದದ್ದಾಯಿತು. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ನಮ್ಮ ಕಡತಕ್ಕೆ ಒಮ್ಮೆ ಏಳು ತಿಂಗಳು ಹಿಡಿಯಿತು. ಗಡಿಯಾಚೆ ಅರ್ಜಿ ಹಾಕಿದಾಗ ವಾಸ್ತವ್ಯದ ಪ್ರಮಾಣಪತ್ರ ಎಲ್ಲಿ ಎಂದರು. ಟಿ.ಸಿ.ಎಚ್. ಸೀಟು ಕೊಡುವಾಗ, ಶುಲ್ಕ ಕಟ್ಟಿಸಿಕೊಳ್ಳುವಾಗ ಯಾರೂ ಅದನ್ನು ಕೇಳಿರಲಿಲ್ಲ. ಕೊನೆಗೆ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಐದರಿಂದ ಎಂಟನೆಯ ತರಗತಿಗಳಿಗೆ ಕಲಿಸುವ ಕೆಲಸ ಸಿಕ್ಕಿತು. ನಮ್ಮ ಜೊತೆ ತರಬೇತಿ ಪಡೆದ ಇಬ್ಬರು ವಯೋಮಿತಿ ದಾಟಿ ಹೋದರು. ಒಬ್ಬರು ದ್ರಾಕ್ಷಿ ತೋಟದ ಲೆಕ್ಕ ಬರೆಯುತ್ತಾರೆ, ಇನ್ನೊಬ್ಬರದು ಕಿರಾಣಿ ಅಂಗಡಿ.

ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ಕದ್ರಿ ಗುಡ್ಡದ ಪಾಲಿಟೆಕ್ನಿಕ್ಕಿನಲ್ಲೋ ಬೇರೆ ತರಬೇತಿ ಸಂಸ್ಥೆಯಲ್ಲೋ ಓದಿ ಬಂದ ನಿಮ್ಮ ಮಕ್ಕಳನ್ನು ಕೇಳಿ ನೋಡಿ. ಊರ ಹೆಸರು ಬದಲಾದೀತು, ಉಳಿದ ಕತೆ ಬದಲಾಗುವ ಸಂಭವ ಕಡಿಮೆ.

ನಮ್ಮನ್ನು ಹೆಚ್ಚಾಗಿ ನೋಯಿಸುವುದು ಕರ್ನಾಟಕದ ನಡೆ. ಅಲ್ಲಿಯ ಸರಕಾರಕ್ಕೆ ನಾವು ಗೊತ್ತಿಲ್ಲ ಎನ್ನುವಂತಿಲ್ಲ. ವೃತ್ತಿಶಿಕ್ಷಣದ ಪ್ರವೇಶಕ್ಕಾಗಿ ನಡೆಸುವ ಸಿ.ಇ.ಟಿ. ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆಂದೇ ಒಂದು ಕಲಮು ಇದೆ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳು, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು, ಇವನ್ನು ಹೆಸರು ಹಿಡಿದು ಬರೆದು, ಅಲ್ಲಿ ವಾಸಿಸುವ ಕನ್ನಡ, ತುಳು, ಕೊಡವ ಮಾತೃಭಾಷೆಯ ಮಕ್ಕಳಿಗೆ ಪ್ರವೇಶದ ಅರ್ಹತೆ ಕೊಟ್ಟಿದ್ದಾರೆ. ಒಳ್ಳೆಯ ಕಲಮು. ಅದನ್ನು ಬರೆದವರಿಗೆ ನಾವು ಋಣಿಗಳು. ಆದರೆ ಆ ಕಲಮಿನ ಬಾಗಿಲಿಂದ ಒಳಹೊಕ್ಕು ಓದಿ ಹೊರಬಂದವನು ಕೆಲಸ ಕೇಳಿದಾಗ ಅದೇ ರಾಜ್ಯದಲ್ಲಿ ಕನ್ನಡಿಗ ಎಂಬ ಪದಕ್ಕೆ ಬೇರೆ ಅರ್ಥ ಬರುತ್ತದೆ. 1980ರ ದಶಕದ ಸರೋಜಿನಿ ಮಹಿಷಿ ವರದಿ, ಹದಿನೈದು ವರ್ಷ ಕರ್ನಾಟಕದಲ್ಲಿ ನೆಲಸಿ ಕನ್ನಡ ಓದಬರೆಯ ಬಲ್ಲವನನ್ನು ಕನ್ನಡಿಗನೆಂದು ಎಣಿಸಿತು. 2024ರ ಜುಲೈಯಲ್ಲಿ ಕರ್ನಾಟಕದ ಮಂತ್ರಿಮಂಡಲ ಒಪ್ಪಿದ ಮಸೂದೆ ಇನ್ನೂ ಬಿಗಿ. ಕೈಗಾರಿಕೆಗಳ ಆಡಳಿತ ವರ್ಗದಲ್ಲಿ ಶೇಕಡಾ 50, ಉಳಿದ ಹುದ್ದೆಗಳಲ್ಲಿ ಶೇಕಡಾ 70 ಸ್ಥಳೀಯರಿಗೆ. ಸ್ಥಳೀಯನೆಂದರೆ ಕರ್ನಾಟಕದಲ್ಲಿ ಹುಟ್ಟಿ ಹದಿನೈದು ವರ್ಷ ಅಲ್ಲಿ ನೆಲಸಿದವನು, ಕನ್ನಡ ಬಲ್ಲವನು. ಉದ್ಯಮಿಗಳು ಗದ್ದಲ ಮಾಡಿದರೆಂದು ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಪತ್ರಿಕೆಗಳ ತುಂಬ ಪರ ವಿರೋಧ ಚರ್ಚೆ ನಡೆಯಿತು. ಆ ವ್ಯಾಖ್ಯೆಯ ಪ್ರಕಾರ ಕುಣಿಕೋಣೂರಿನ ಹುಡುಗನೂ ಕುಂಬಳೆಯ ಹುಡುಗಿಯೂ ಪರಕೀಯರಾಗುತ್ತಾರೆಂಬ ಮಾತನ್ನು ಆ ಚರ್ಚೆಯಲ್ಲಿ ಎತ್ತಿದವರು ನಮ್ಮ ಕಣ್ಣಿಗೆ ಬೀಳಲಿಲ್ಲ.

ಕರ್ನಾಟಕದ ಮಿತ್ರರೊಬ್ಬರು ಇದಕ್ಕೆ ಹೇಳಿದ ಉತ್ತರವನ್ನೂ ಇಲ್ಲಿ ಕೊಡುವುದು ನ್ಯಾಯ. ತಮ್ಮ ಕಲಬುರ್ಗಿ, ರಾಯಚೂರುಗಳಲ್ಲಿಯೇ ಡಿಪ್ಲೊಮಾ ಮಾಡಿ ಬೆಂಗಳೂರಿಗೆ ಹೋಗಿ ಹೊಟೇಲಿನಲ್ಲಿ ದುಡಿಯುವ ಹುಡುಗರು ಬೇಕಾದಷ್ಟಿದ್ದಾರೆ, ತೆರಿಗೆ ಕಟ್ಟುವವರ ಮಕ್ಕಳಿಗೆ ಮೊದಲು ಅನ್ನ ಬೇಡವೇ ಎಂದು ಅವರ ಪ್ರಶ್ನೆ. ಆ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಹಾಗಾದರೆ ಸಿ.ಇ.ಟಿ.ಯ ಕಲಮು ಏತಕ್ಕೆ? ಸರಕಾರಿ ಸೀಟು ಕೊಟ್ಟು, ಸರಕಾರದ ಹಣದಲ್ಲಿ ಓದಿಸಿ, ಕೈ ಪಳಗಿದ ಮೇಲೆ ಆ ಕೈಯನ್ನು ಹಿಂದಕ್ಕೆ ಕಳಿಸುವುದರಲ್ಲಿ ತೆರಿಗೆ ಕಟ್ಟುವವರಿಗೆ ಲಾಭವೇನು? ಗಡಿನಾಡಿನಿಂದ ವರ್ಷಕ್ಕೆ ತರಬೇತಿ ಪಡೆದು ಬರುವವರು ಬೆಂಗಳೂರಿನ ಒಂದು ಬಡಾವಣೆಯ ಜನಸಂಖ್ಯೆಯಷ್ಟೂ ಇರಲಾರರು. ಅವರನ್ನು ಸ್ಥಳೀಯರೆಂದು ಎಣಿಸಿದರೆ ಕಲಬುರ್ಗಿಯ ಅನ್ನ ಕಡಿಮೆಯಾಗುತ್ತದೆಂದು ನಮಗೆ ಅನಿಸುವುದಿಲ್ಲ.

ಇತ್ತ ನಾವು ವಾಸಿಸುವ ರಾಜ್ಯಗಳ ನಡೆ ಇನ್ನೊಂದು ತರದ್ದು. ನಮ್ಮ ತಾಲೂಕಿನ ಕನ್ನಡ ಶಾಲೆಗಳಿಗೆ 2024ರಲ್ಲಿ ಮರಾಠಿ ಶಿಕ್ಷಕರನ್ನು ನೇಮಿಸಿದರು. ಕನ್ನಡದ ಅಕ್ಷರವೇ ಬಾರದವರು ಒಂದನೆಯ ತರಗತಿಯ ಮಗುವಿಗೆ ಏನು ಕಲಿಸಬೇಕು? ಅದಕ್ಕಿಂತ ಒಂದು ವರ್ಷ ಮೊದಲು, 2023ರಲ್ಲಿ, ನಿಮ್ಮ ಅಡೂರಿನ ಸರಕಾರಿ ಶಾಲೆಯಲ್ಲಿ ಕನ್ನಡ ಬಾರದ ಶಿಕ್ಷಕರ ನೇಮಕವಾಗಿ ಮಕ್ಕಳೂ ಪೋಷಕರೂ ಪ್ರತಿಭಟಿಸಿದ್ದನ್ನು ಓದಿದ್ದೆವು. 2018ರಲ್ಲಿ ಬಂದ ‘ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಸಿನಿಮಾವನ್ನು ಕರ್ನಾಟಕದ ಜನ ನಕ್ಕು ನೋಡಿದರು. ನಮ್ಮ ಊರಿನ ಜನರೂ ನಕ್ಕರು, ಆದರೆ ಮನೆಗೆ ಹೋಗುವಾಗ ಬೇರೆಯೇ ಮಾತಾಡಿಕೊಂಡು ಹೋದರು. ಇಂಥ ನೇಮಕಗಳಾದಾಗ ಮಕ್ಕಳ ಕಲಿಕೆ ಕೆಡುತ್ತದೆಂದು ನಾವೆಲ್ಲ ಕೂಗುತ್ತೇವೆ, ಅದು ಸರಿ. ಆದರೆ ಅದೇ ಹುದ್ದೆಗೆಂದು ಕನ್ನಡದಲ್ಲಿ ತರಬೇತಿ ಪಡೆದ ಒಬ್ಬ ಯುವಕನೋ ಯುವತಿಯೋ ಅದೇ ಊರಲ್ಲಿ ಕೆಲಸವಿಲ್ಲದೆ ಕುಳಿತಿರುತ್ತಾರೆಂಬುದನ್ನು ಕೂಗುವವರು ಕಡಿಮೆ. ಒಂದೇ ಆಜ್ಞೆಯಿಂದ ತರಗತಿಗೂ ಅನ್ಯಾಯ, ಕಸುಬು ಕಲಿತವನಿಗೂ ಅನ್ಯಾಯ.

ಶಿಕ್ಷಕ ತರಬೇತಿಯನ್ನು ಕಸುಬೆಂದು ಕರೆದರೆ ಮೂಗು ಮುರಿಯುವವರಿದ್ದಾರೆ. ಅವರು ಸುಪ್ರೀಂ ಕೋರ್ಟು 2023ರ ಆಗಸ್ಟ್ 11ರಂದು ಕೊಟ್ಟ ತೀರ್ಪನ್ನು ನೋಡಬೇಕು. 2018ರ ಒಂದು ಅಧಿಸೂಚನೆಯಿಂದ ಬಿ.ಎಡ್. ಮಾಡಿದವರಿಗೂ ಒಂದರಿಂದ ಐದನೆಯ ತರಗತಿಯ ಹುದ್ದೆಗಳು ತೆರೆದಿದ್ದವು. ಬಿ.ಎಡ್. ದೊಡ್ಡ ಓದು, ಹಾಗಾಗಿ ಅದು ಮೇಲು ಎಂಬ ವಾದವಿತ್ತು. ಪ್ರಾಥಮಿಕ ತರಗತಿಯ ಮಕ್ಕಳಿಗೆ ಕಲಿಸಲು ಬೇಕಾದ ತರಬೇತಿಯೇ ಬೇರೆ, ಅದನ್ನು ಪಡೆದವರು ಡಿಪ್ಲೊಮಾದವರು ಎಂದು ಹೇಳಿ ನ್ಯಾಯಾಲಯ ಆ ಅಧಿಸೂಚನೆಯನ್ನು ಎತ್ತಿಹಿಡಿಯಲಿಲ್ಲ. ಪದವಿಗಿಂತ ಕಸುಬು ಕೀಳೆಂಬ ನಮ್ಮ ಸಮಾಜದ ಹಳೆಯ ಎಣಿಕೆಗೆ ದೇಶದ ದೊಡ್ಡ ಕೋರ್ಟಿನಲ್ಲಿ ಬಿದ್ದ ಪೆಟ್ಟು ಅದು.

ರಾಜ್ಯದ ಭಾಷೆ ಬಾರದವರಿಗೆ ಕೆಲಸ ಹೇಗೆ ಕೊಡುವುದು ಎಂದು ಮರಾಠಿ, ಮಲಯಾಳಂ ಬಂಧುಗಳು ಕೇಳುತ್ತಾರೆ. ನಮ್ಮ ಮಕ್ಕಳಿಗೆ ಮರಾಠಿ ಬರುತ್ತದೆ. ಸಂತೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಅದನ್ನೇ ಆಡುತ್ತಾರೆ. ನಿಮ್ಮ ಮಕ್ಕಳ ಮಲಯಾಳವೂ ಹಾಗೆಯೇ ಇರಬೇಕು. ಪರೀಕ್ಷೆಯ ಹಾಳೆಯ ಮೇಲೆ ಮರಾಠಿ ಮಾಧ್ಯಮದವನ ಸಮಸಮಕ್ಕೆ ಬರೆಯಲು ಮಾತ್ರ ಅವರಿಗೆ ಕಷ್ಟ. ಈ ಕಷ್ಟವನ್ನು ದೊಡ್ಡವರು ಮೊದಲೇ ಕಂಡಿದ್ದರು. ರಾಜ್ಯಗಳ ಪುನರ್ವಿಂಗಡಣೆಯ ಕಾಲದಲ್ಲಿ, 1956ರಲ್ಲಿ, ಕೇಂದ್ರ ಗೃಹ ಮಂತ್ರಾಲಯ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಒಂದು ಜ್ಞಾಪನಪತ್ರ ಹೊರಡಿಸಿತು. ರಾಜ್ಯಭಾಷೆಯ ಪರೀಕ್ಷೆಯನ್ನು ಅಭ್ಯರ್ಥಿಯ ಆಯ್ಕೆಯಾದ ಮೇಲೆ, ಪರೀಕ್ಷಾವಧಿ ಮುಗಿಯುವುದರೊಳಗೆ ನಡೆಸಬೇಕು ಎಂಬುದು ಅದರಲ್ಲಿದ್ದ ಒಂದು ಮಾತು. ಅಂದರೆ ಮೊದಲು ಕೆಲಸ, ಆಮೇಲೆ ಭಾಷೆಯ ಪರೀಕ್ಷೆ. 1961ರ ಮುಖ್ಯಮಂತ್ರಿಗಳ ಸಮ್ಮೇಳನದಲ್ಲಿಯೂ ಈ ರಕ್ಷಣೆಗಳಿಗೆ ಒಪ್ಪಿಗೆ ದೊರೆಯಿತು. ಈ ರಕ್ಷಣೆಗಳು ನಡೆಯುತ್ತಿವೆಯೇ ಎಂದು ನೋಡಿ ರಾಷ್ಟ್ರಪತಿಗಳಿಗೆ ವರದಿ ಮಾಡುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಹುದ್ದೆಯೂ 1957ರಿಂದ ಇದೆ. ಜ್ಞಾಪನಪತ್ರಕ್ಕೆ ಕಾಯಿದೆಯ ಬಲವಿಲ್ಲ ಎನ್ನುತ್ತಾರೆ. ಬಲವಿಲ್ಲದಿರಬಹುದು, ಆದರೆ ಅದು ಕೊಟ್ಟ ಮಾತು. ಅದನ್ನು ನೆನಪು ಮಾಡಿಕೊಡುವ ಬಾಯಿ ಬೇಕಷ್ಟೆ.

2022ರ ನವೆಂಬರಿನಲ್ಲಿ ನಮ್ಮ ತಾಲೂಕಿನ ಹೆಸರು ದಿನವೂ ಪತ್ರಿಕೆಗಳಲ್ಲಿ ಬಂತು. ಜತ್ತದ ನಲವತ್ತು ಗ್ರಾಮ ಪಂಚಾಯತಿಗಳು ಕರ್ನಾಟಕಕ್ಕೆ ಸೇರಲು ಠರಾವು ಮಾಡಿವೆಯೆಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಹೇಳಿದರು. ಅದು ನೀರಿಗಾಗಿ 2012ರಲ್ಲಿ ಮಾಡಿದ ಹಳೆಯ ಠರಾವೆಂದು ದೇವೇಂದ್ರ ಫಡ್ನವೀಸರು ಉತ್ತರಿಸಿದರು. ಆಮೇಲೆ ಮ್ಹೈಸಾಳ ನೀರಾವರಿಯ ವಿಸ್ತರಣೆಗೆ ವೇಗ ಬಂತು. ನೀರು ಬಂದರೆ ಯಾರು ಬೇಡವೆಂದಾರು? ಎರಡು ಸರಕಾರಗಳು ನಮಗಾಗಿ ಅಷ್ಟೊಂದು ಜಗಳವಾಡಿದ ಆ ದಿನಗಳಲ್ಲಿಯೂ ನಮ್ಮ ಹುಡುಗರ ಸರ್ಟಿಫಿಕೇಟಿನ ಮಾತು ಯಾರ ಬಾಯಲ್ಲಿಯೂ ಬರಲಿಲ್ಲ.

ಊರ ಹೆಸರು ನೋಡಿ ಕೆಲಸ ನಿರಾಕರಿಸುವ ರೋಗ ನಮ್ಮ ದೇಶದ್ದು ಮಾತ್ರವಲ್ಲ. ಜಪಾನಿನಲ್ಲಿ ಬುರಾಕು ಎಂಬ ಶೋಷಿತ ಜನರ ಕೇರಿಗಳ ಹೆಸರು, ವಿಳಾಸಗಳನ್ನೆಲ್ಲ ಸೇರಿಸಿ ಅಚ್ಚು ಹಾಕಿದ ಗುಪ್ತ ಪುಸ್ತಕವನ್ನು ದೊಡ್ಡ ದೊಡ್ಡ ಕಂಪೆನಿಗಳು ದುಡ್ಡು ಕೊಟ್ಟು ಕೊಳ್ಳುತ್ತಿದ್ದವೆಂಬುದು 1975ರಲ್ಲಿ ಬಯಲಾಯಿತು. ಅರ್ಜಿ ಬಂದೊಡನೆ ಆ ಪುಸ್ತಕ ತೆರೆದು ಊರು ನೋಡಿ ಅರ್ಜಿದಾರನನ್ನು ಬಿಡುತ್ತಿದ್ದರಂತೆ. ಆ ಜನರು ಉಂಡ ಅವಮಾನಕ್ಕೆ ನಮ್ಮದನ್ನು ಹೋಲಿಸುವುದು ಸಲ್ಲದು. ಆದರೂ ನಮ್ಮ ಹುಡುಗನ ಆಧಾರ್ ಕಾರ್ಡನ್ನು ಗುಮಾಸ್ತರು ಬೆರಳಲ್ಲಿ ತಿರುಗಿಸಿ ನೋಡಿದ ರೀತಿಯನ್ನು ಅವನು ಹೇಳಿದಾಗ ನಮಗೆ ಆ ಪುಸ್ತಕ ನೆನಪಾಯಿತು.

ಬೇರೆಯವರನ್ನು ಇಷ್ಟೆಲ್ಲ ದೂರಿದ ಮೇಲೆ ನಮ್ಮ ಮನೆಯ ಕಸವನ್ನೂ ಒಂದಿಷ್ಟು ಗುಡಿಸಬೇಕು. ಬಿ.ಎ. ಮಾಡಿ ಖಾಲಿ ಕುಳಿತ ವರನಿಗೆ ಹೆಣ್ಣು ಕೊಡಲು ಒಪ್ಪುವವರು, ಐ.ಟಿ.ಐ. ಮಾಡಿ ದುಡಿಯುವವನನ್ನು ಎಣ್ಣೆ ಕೈಯವನೆಂದು ಬಿಡುತ್ತಾರೆ. ಹತ್ತನೆಯಲ್ಲಿ ಕಡಿಮೆ ಅಂಕ ಬಂದವನನ್ನೇ ಆರಿಸಿ ಇವನು ಐ.ಟಿ.ಐ.ಗೆ ಲಾಯಕ್ಕು ಎಂದು ಮಾಸ್ತರರಾದ ನಾವೇ ಹೇಳಿದ್ದಿದೆ, ಆ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಕನ್ನಡದ ಹೆಸರಲ್ಲಿ ಅಲ್ಪಸಂಖ್ಯಾತ ಸಂಸ್ಥೆ ಕಟ್ಟಿದ ಕೆಲವು ಆಡಳಿತ ಮಂಡಳಿಗಳು ಹುದ್ದೆ ತುಂಬುವಾಗ ಕನ್ನಡ ನೋಡುವುದಿಲ್ಲ, ಥೈಲಿ ನೋಡುತ್ತವೆ. ಆ ವಿಷಯಕ್ಕೆ ಇನ್ನೊಂದು ಲೇಖನವೇ ಬೇಕಾದೀತು.

ಸದ್ಯ ಆಗಬೇಕಾದ ಕೆಲಸ ಇಷ್ಟು. ತಡೆಹಿಡಿದ ಆ ಮಸೂದೆ ಮತ್ತೆ ಮೇಲೆ ಬಂದೇ ಬರುತ್ತದೆ. ಅದು ಬರುವ ಮೊದಲು ಸಿ.ಇ.ಟಿ. ನಿಯಮದಲ್ಲಿರುವ ತಾಲೂಕುಗಳ ಆ ಪಟ್ಟಿಯನ್ನು ಸ್ಥಳೀಯ ಎಂಬ ಪದದ ವ್ಯಾಖ್ಯೆಯೊಳಗೆ ಸೇರಿಸಬೇಕೆಂದು ನಾವು ಕೇಳಬೇಕು. ಹೊಸದೇನೂ ಬರೆಯಬೇಕಾಗಿಲ್ಲ, ಒಂದು ಪುಸ್ತಕದಿಂದ ಇನ್ನೊಂದಕ್ಕೆ ನಕಲು ಮಾಡಿದರೆ ಸಾಕು. ತತ್ಸಮಾನ ಪತ್ರಕ್ಕೆ ಅರವತ್ತು ದಿನದ ಗಡುವು ಹಾಕಿ ಎಂದು ನಮ್ಮ ನಮ್ಮ ರಾಜ್ಯಗಳನ್ನೂ, 1956ರ ಮಾತನ್ನು ಉಳಿಸಿಕೊಡಿ ಎಂದು ಆಯುಕ್ತರನ್ನೂ ಕೇಳಬೇಕು. ಜತ್ತದವರು ಬೇರೆ, ಅಕ್ಕಲಕೋಟೆಯವರು ಬೇರೆ, ಕಾಸರಗೋಡಿನವರು ಬೇರೆ ಎಂದು ಇಷ್ಟು ವರ್ಷ ಮೂರು ಕಡೆ ಮೂರು ಮನವಿ ಕೊಟ್ಟದ್ದಾಯಿತು. ಪಟ್ಟಿ ಒಂದೇ ಇರುವಾಗ ಮನವಿಯೂ ಒಂದೇ ಇರಬಾರದೇಕೆ? ನಿಮ್ಮಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳಂಥ ಅಧ್ಯಾಪಕರು ಶತಾಯುಷಿಗಳಾಗುವವರೆಗೂ ಈ ಹೋರಾಟ ಬಿಡಲಿಲ್ಲ. ನಿಮ್ಮವರ ಅನುಭವ ನಮ್ಮವರಿಗೆ ಬೇಕಾಗಿದೆ. ಟಿ.ಸಿ.ಎಚ್., ಐ.ಟಿ.ಐ., ಡಿಪ್ಲೊಮಾ ಮುಗಿಸಿ ಹೀಗೆ ಹಿಂದಕ್ಕೆ ಕಳಿಸಲ್ಪಟ್ಟವರು ತಮ್ಮ ತಮ್ಮ ಪ್ರಸಂಗವನ್ನು ದಿನಾಂಕ ಸಹಿತ ಬರೆದು ಈ ಪತ್ರಿಕೆಗೆ ಕಳಿಸಿದರೆ ಮನವಿಗೆ ಬೆನ್ನೆಲುಬು ಬಂದೀತು.

ಅಂದು ಚಹ ಕುಡಿದಾದ ಮೇಲೆ ನಾವೂ ಆ ಹುಡುಗನೂ ಜತ್ತಕ್ಕೆ ಹೋಗಿ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ತುಂಬಿದೆವು. ಕಂಪೆನಿ ಕರ್ನಾಟಕದ್ದು. ಹೆಸರು, ಟ್ರೇಡು, ಅಂಕ ಎಲ್ಲ ಆದ ಮೇಲೆ ಸ್ಥಳೀಯ ಅಭ್ಯರ್ಥಿಯೇ ಎಂಬ ಕಲಮು ಬಂತು. ಹೌದು, ಅಲ್ಲ, ಎರಡೇ ಉತ್ತರ. ಯಾವುದಾದರೊಂದನ್ನು ಒತ್ತದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಹುಡುಗ ನಮ್ಮ ಮುಖ ನೋಡಿದ. ಹಿಂದೆ ಇನ್ನೂ ನಾಲ್ಕು ಜನ ಸರದಿಯಲ್ಲಿ ನಿಂತಿದ್ದರು. ಕೊನೆಗೆ ಅವನೇ ಅಲ್ಲ ಎಂಬುದನ್ನು ಒತ್ತಿದ.